ವ್ಯಾಸರಾಯರ ಬದುಕು: ಚರಿತಕಾವ್ಯದಿಂದ ತಾಮ್ರಪಟದವರೆಗೆ

ಗಾದಿಗನೂರಿನಿಂದ ಕಂಪ್ಲಿಯವರೆಗಿನ ಸೀಮೆಯಲ್ಲಿ ಹಳೆಯ ಹನುಮನ ಗುಡಿ ಕಂಡರೆ ‘ವ್ಯಾಸರಾಯರ ಪ್ರತಿಷ್ಠೆ’ ಎಂಬ ಮಾತು ಜೊತೆಗೇ ಬರುತ್ತದೆ. ಅವರು 732 ಹನುಮನ ಮೂರ್ತಿಗಳನ್ನು ನಿಲ್ಲಿಸಿದರೆಂಬುದು ಸಂಪ್ರದಾಯದ ಲೆಕ್ಕ. ಹಂಪಿಯ ಚಕ್ರತೀರ್ಥದ ಬಳಿಯ ಯಂತ್ರೋದ್ಧಾರಕ ಪ್ರಾಣದೇವರು ಅವುಗಳಲ್ಲಿ ಹೆಸರಾದದ್ದು. ಜನರ ನೆನಪಿನಲ್ಲಿ ಇಷ್ಟು ದಟ್ಟವಾಗಿ ಉಳಿದ ಯತಿಯ ಬದುಕನ್ನು ಇತಿಹಾಸಕಾರರು ಎತ್ತಿಕೊಂಡದ್ದು ಮಾತ್ರ ಬಹಳ ತಡವಾಗಿ.

ಬನ್ನೂರಿನಲ್ಲಿ ಸುಮಾರು 1460ರಲ್ಲಿ ಹುಟ್ಟಿ, ಅಬ್ಬೂರಿನ ಬ್ರಹ್ಮಣ್ಯತೀರ್ಥರಿಂದ ಸನ್ಯಾಸ ಪಡೆದು, ಮುಳಬಾಗಿಲಿನ ಶ್ರೀಪಾದರಾಜರಲ್ಲಿ ಓದಿ, ಚಂದ್ರಗಿರಿಯಲ್ಲಿ ಸಾಳುವ ನರಸಿಂಹನ ಆಸ್ಥಾನ ಕಂಡು, ವ್ಯಾಸತೀರ್ಥರು (ಜನರ ಬಾಯಲ್ಲಿ ವ್ಯಾಸರಾಯರು) ವಿಜಯನಗರಕ್ಕೆ ಬಂದರು. 1539ರಲ್ಲಿ ಆನೆಗೊಂದಿಯ ನಡುಗಡ್ಡೆಯಲ್ಲಿ ಬೃಂದಾವನಸ್ಥರಾಗುವ ಹೊತ್ತಿಗೆ ಅವರು ಮೂರು ರಾಜವಂಶಗಳ ಕಾಲವನ್ನು ನೋಡಿದ್ದರು. ‘ನ್ಯಾಯಾಮೃತ’, ‘ತರ್ಕತಾಂಡವ’, ‘ತಾತ್ಪರ್ಯಚಂದ್ರಿಕಾ’ ಬರೆದದ್ದು ಇಂಥ ಏಳುಬೀಳುಗಳ ನಡುವೆ.

1900ರಲ್ಲಿ ರಾಬರ್ಟ್ ಸೀವೆಲ್ ವಿಜಯನಗರದ ಇತಿಹಾಸ ಬರೆದು ಪೇಯಸ್ ಮತ್ತು ನೂನಿಜರ ಪೋರ್ಚುಗೀಸ್ ವರದಿಗಳನ್ನು ಬೆಳಕಿಗೆ ತಂದಾಗ, ಅದರಲ್ಲಿ ದೊರೆಗಳೂ ಯುದ್ಧಗಳೂ ತುಂಬಿದ್ದವು. ಮದುವೆಯಾಗದ ಒಬ್ಬ ವಿದ್ವಾಂಸನ ಬೋಧನೆಯನ್ನು ದೊರೆ ದಿನವೂ ಕೇಳುತ್ತಾನೆಂದು ನೂನಿಜ್ ಬರೆದಿದ್ದಾನೆ. ಅವರೇ ವ್ಯಾಸರಾಯರೆಂದು ಮಾಧ್ವ ವಿದ್ವಾಂಸರು ಗುರುತಿಸಿದರೂ ಹೆಸರು ಅಲ್ಲಿಲ್ಲ.

ದಾರಿ ತೆರೆದದ್ದು 1926ರಲ್ಲಿ. ಸೋಮನಾಥ ಕವಿಯ ‘ವ್ಯಾಸಯೋಗಿಚರಿತ’ ಎಂಬ ಸಂಸ್ಕೃತ ಚಂಪುವನ್ನು ಬಿ. ವೆಂಕೋಬರಾವ್ ದೀರ್ಘ ಪೀಠಿಕೆಯೊಡನೆ ಪ್ರಕಟಿಸಿದರು. ಗುರುವಿನ ಕಾಲದಲ್ಲೇ ಬದುಕಿದ್ದ, ಮಾಧ್ವನಲ್ಲದ ಕವಿಯೊಬ್ಬ ಬರೆದ ಚರಿತೆ ಎಂಬುದೇ ಅದರ ತೂಕ. ಹೊಗಳಿಕೆಯ ಕಾವ್ಯವಾದ್ದರಿಂದ ಎಲ್ಲವನ್ನೂ ಹಾಗೆಯೇ ನಂಬಲಾಗದು. ಆದರೂ ವೆಂಕೋಬರಾಯರ ಈ ಕೆಲಸಕ್ಕೆ ಸಿಗಬೇಕಾದ ಮನ್ನಣೆ ಕನ್ನಡದಲ್ಲಿ ಇನ್ನೂ ಸಿಕ್ಕಿಲ್ಲವೆಂದೇ ನನ್ನ ಎಣಿಕೆ.

ಮೂರು ವರ್ಷದ ಬಳಿಕ ಚರ್ಚೆ ಬೇರೆಡೆಗೆ ಹೊರಳಿತು. ಶೃಂಗೇರಿ ಮಠದ ವಿದ್ಯಾರಣ್ಯರು ವಿಜಯನಗರ ಸಾಮ್ರಾಜ್ಯ ಕಟ್ಟಿಸಿದರೆಂಬ ಕಥೆ ಕಾಲಾನಂತರದ ಸೃಷ್ಟಿ ಎಂದು 1929ರಲ್ಲಿ ಇತಿಹಾಸಕಾರ ಫಾದರ್ ಹೆರಾಸ್ ವಾದಿಸಿದರು. ಅಲ್ಲಿಂದ ದಶಕಗಳ ಕಾಲ ಗುರು-ಅರಸರ ಅಧ್ಯಯನವೆಂದರೆ ಹದಿನಾಲ್ಕನೆಯ ಶತಮಾನದ ಈ ಒಂದೇ ವ್ಯಾಜ್ಯ ಎಂಬಂತಾಯಿತು. 1346ರ ಶೃಂಗೇರಿ ಶಾಸನ, ಆರಂಭದ ಸಂಗಮ ದೊರೆಗಳ ಗುರುವಾಗಿದ್ದ ಕ್ರಿಯಾಶಕ್ತಿ, 1336ರ ಕಾಲ ಹೊತ್ತ ಶಂಕಾಸ್ಪದ ತಾಮ್ರಪಟಗಳು: ಇವುಗಳ ಸುತ್ತಲೇ ಶಾಯಿ ಹರಿಯಿತು. ವ್ಯಾಸರಾಯರು ಬದಿಗೆ ಸರಿದರು. ಬಿ.ಎನ್.ಕೆ. ಶರ್ಮರು ದ್ವೈತ ಸಾಹಿತ್ಯದ ಇತಿಹಾಸದಲ್ಲಿ ಅವರನ್ನು ವಿಸ್ತಾರವಾಗಿ ಚರ್ಚಿಸಿದರು, ಆದರೆ ಮುಖ್ಯವಾಗಿ ದಾರ್ಶನಿಕರಾಗಿ.

ನಿಜವಾದ ತಿರುವು ಬಂದದ್ದು ಶಾಸನಗಳನ್ನು ನೆಲದ ಲೆಕ್ಕವಾಗಿ ಓದತೊಡಗಿದಾಗ. ಹಂಪಿಗೆ ಅಂಟಿಕೊಂಡಿರುವ ಕಮಲಾಪುರದ ತಾಮ್ರಪಟವನ್ನೇ ನೋಡಿ. 1526ರಲ್ಲಿ ಕೃಷ್ಣದೇವರಾಯ ವ್ಯಾಸತೀರ್ಥರಿಗೆ ಕೊಟ್ಟ ಬೆಟ್ಟಕೊಂಡ ಇರುವುದು ಇಲ್ಲಲ್ಲ, ಇಂದಿನ ಆಂಧ್ರದ ಮದನಪಲ್ಲಿಯ ಕಡೆ. ಅಲ್ಲಿನ ಕೆರೆಗೆ ವ್ಯಾಸಸಮುದ್ರವೆಂದೇ ಹೆಸರು. ಮಳೆ ಕಡಿಮೆಯ ಸೀಮೆಯಲ್ಲಿ ಮಠಕ್ಕೆ ಊರು ಕೊಟ್ಟರೆ ಕೆರೆ ಕಟ್ಟಲಾಗುತ್ತದೆ, ಬೆಳೆ ಬರುತ್ತದೆ, ರಾಜಧಾನಿಯಿಂದ ದೂರದ ಪ್ರದೇಶದಲ್ಲಿ ಅರಸನ ಮಾತು ನಡೆಸುವ ಮಂದಿ ಸಿಗುತ್ತಾರೆ. ದತ್ತಿಯಲ್ಲಿ ಭಕ್ತಿ ಇತ್ತು, ಆಡಳಿತದ ಲೆಕ್ಕಾಚಾರವೂ ಇತ್ತು. ದೊರೆಗೆ ಕುತ್ತೆನಿಸಿದ ‘ಕುಹಯೋಗ’ವೆಂಬ ಕೆಟ್ಟ ಗಳಿಗೆ ಕಳೆಯಲು ಗುರು ಸಿಂಹಾಸನ ಏರಿದರೆಂಬ ಕಥೆಗೆ ಶಾಸನದ ಆಧಾರವಿಲ್ಲ. ಆ ಕಥೆಗಿಂತ ಈ ಕೆರೆ ಅವರ ಪ್ರಭಾವವನ್ನು ಗಟ್ಟಿಯಾಗಿ ಹೇಳುತ್ತದೆ.

ಸಾಮ್ರಾಜ್ಯದ ಕೆಳಗೆ ಧರ್ಮಗುರುವಿನ ಪಾಡು ಎಲ್ಲೆಡೆ ಹೀಗಿರಲಿಲ್ಲ. ರಷ್ಯದ ಚಕ್ರವರ್ತಿ 1903ರಲ್ಲಿ ಅರ್ಮೇನಿಯನ್ ಚರ್ಚಿನ ಆಸ್ತಿಯನ್ನೇ ವಶಪಡಿಸಿಕೊಂಡಾಗ, ಎಂಬತ್ತು ದಾಟಿದ್ದ ಕಥೊಲಿಕೋಸ್ (ಚರ್ಚಿನ ಪರಮಗುರು) ಖ್ರಿಮಿಯನ್ ಒಪ್ಪದೆ ನಿಂತರು; ಜನರೂ ಎದ್ದರು; 1905ರಲ್ಲಿ ಆಜ್ಞೆ ರದ್ದಾಯಿತು. ಅಲ್ಲಿ ಅರಸನದು ಬೇರೆ ಚರ್ಚು, ಆಸ್ತಿಯೇ ಜಗಳದ ಮೂಲ. ಇಲ್ಲಿ ಅದೇ ಆಸ್ತಿ ಗುರುವನ್ನೂ ದೊರೆಯನ್ನೂ ಹತ್ತಿರ ತಂದಿತು. ಆದರೆ ಶಾಸನಗಳಲ್ಲಿ ಅರಸರ ಸಹಿ ‘ಶ್ರೀ ವಿರೂಪಾಕ್ಷ’ವೇ ಆಗಿತ್ತು ಎಂಬುದನ್ನು ಮರೆಯಬಾರದು. ಒಲವು ಎಷ್ಟೇ ಇದ್ದರೂ ಸಾಮ್ರಾಜ್ಯ ಒಂದೇ ಮತದ್ದಾಗಲಿಲ್ಲ.

1995ರಲ್ಲಿ ಅನಿಲಾ ವರ್ಗೀಸ್ ಹಂಪಿಯ ಶಿಲ್ಪ ಮತ್ತು ಶಾಸನಗಳಿಂದ ಅಲ್ಲಿನ ಶೈವ, ಶ್ರೀವೈಷ್ಣವ, ಮಾಧ್ವ, ಜೈನ ನೆಲೆಗಳನ್ನು ಗುರುತಿಸಿದರು. 2016ರಲ್ಲಿ ವ್ಯಾಲೆರಿ ಸ್ಟೋಕರ್ ವ್ಯಾಸತೀರ್ಥರ ವಾದಗ್ರಂಥಗಳನ್ನೂ ದತ್ತಿ ಶಾಸನಗಳನ್ನೂ ಒಟ್ಟಿಗೆ ಓದಿದರು. ಅದ್ವೈತದೊಡನೆ ಕಟು ವಾದ, ಶ್ರೀವೈಷ್ಣವರೊಡನೆ ದೇವಾಲಯಗಳಲ್ಲಿ ಸಹಬಾಳ್ವೆ, ಎರಡೂ ಆಸ್ಥಾನದ ವಾತಾವರಣದಲ್ಲಿ ಬೆಳೆದವು ಎಂಬ ಅವರ ನಿಲುವು ನನಗೆ ಒಪ್ಪಿಗೆ.

ಇಷ್ಟಾದರೂ ಕನ್ನಡದ ಪಾಲು ಹೊರಗೇ ಉಳಿದಿದೆ. ಸಿರಿಕೃಷ್ಣ ಅಂಕಿತದ ಪದಗಳನ್ನು ಸಾಹಿತ್ಯದವರು ಓದುತ್ತಾರೆ, ಶಾಸನಗಳನ್ನು ಇತಿಹಾಸದವರು, ‘ನ್ಯಾಯಾಮೃತ’ವನ್ನು ಮಠದ ಪಾಠಶಾಲೆಗಳು. ಪುರಂದರದಾಸರನ್ನೂ ಕನಕದಾಸರನ್ನೂ ಶಿಷ್ಯರೆಂದು ಅಪ್ಪಿಕೊಂಡ ಗುರು ಮತ್ತು ಬೆಟ್ಟಕೊಂಡದ ದತ್ತಿ ಪಡೆದ ಮಠಾಧಿಪತಿ ಒಬ್ಬರೇ. ಅವರು ವಿಠ್ಠಲ ದೇವಾಲಯದ ಅಂಗಳದಲ್ಲಿ ಯೋಗವರದ ನರಸಿಂಹನನ್ನು ನಿಲ್ಲಿಸಿದರೆಂದು 1532ರ ಶಾಸನ ಹೇಳುತ್ತದೆ. ಅದೇ ದೇವಾಲಯದ ಪಕ್ಕದ ಹೊಳೆದಂಡೆಯಲ್ಲಿ ಜನ ಪುರಂದರ ಮಂಟಪವನ್ನು ತೋರಿಸುತ್ತಾರೆ. ಮುಂದಿನ ಸಂಶೋಧಕರು ದಾಸರ ಪದಗಳ ಕಟ್ಟನ್ನೂ ಹಂಪಿಯ ಶಾಸನ ಸಂಪುಟವನ್ನೂ ಒಟ್ಟಿಗೆ ಹಿಡಿದು ಕೆಲಸ ಶುರುಮಾಡಬೇಕಾದ ಜಾಗ ಆ ಅಂಗಳ.