ಸ್ಯಾಟಲೈಟಿನಲ್ಲಿ ಸೈಕಲ್ಲು

ಅಹಮದಾಬಾದಿಗೆ ಬಂದು ಮನೆ ಹಿಡಿದ ದಿನ ಅಪ್ಪನಿಗೆ ಫೋನು ಮಾಡಿ, 'ಸ್ಯಾಟಲೈಟಿನಲ್ಲಿ ಮನೆ ಸಿಕ್ತು' ಅಂದೆ. ಅವರು ನಕ್ಕು, 'ನಮ್ಮೂರಿಗೆ ಟೀವಿ ಅಲ್ಲಿಂದಲೇ ಬರ್ತಿತ್ತಲ್ಲೋ' ಅಂದರು. ಏನೋ ತಮಾಷೆ ಅಂದುಕೊಂಡೆ. ಅದು ಅಕ್ಷರಶಃ ನಿಜವೆಂದು ಆಮೇಲೆ ಗೊತ್ತಾಯಿತು.

ವಿಕ್ರಮ್ ಸಾರಾಭಾಯಿಯವರ ಕಾಲದಲ್ಲಿ, 1967ರಲ್ಲಿ, ಊರಾಚೆಯ ಜೋಧಪುರ ಟೇಕರಾದ ಬಳಿ ಉಪಗ್ರಹ ಭೂಕೇಂದ್ರ ತಲೆಯೆತ್ತಿತು. ಬಡಾವಣೆಯ ಹೆಸರು ಬಂದದ್ದು ಅದರಿಂದ. 1975ರ ಆಗಸ್ಟ್ 1ರಿಂದ ಒಂದು ವರ್ಷ ನಡೆದ 'ಸೈಟ್' ಪ್ರಯೋಗದಲ್ಲಿ ಇಲ್ಲಿಂದ ಹೊರಟ ಕಾರ್ಯಕ್ರಮಗಳು ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಮುಟ್ಟಿ, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಇಳಿಯುತ್ತಿದ್ದವು. ನಮ್ಮ ರಾಜ್ಯದಲ್ಲಿ ಆಯ್ಕೆಯಾದದ್ದು ರಾಯಚೂರು, ಗುಲಬರ್ಗಾ ಮತ್ತು ಬಿಜಾಪುರ ಜಿಲ್ಲೆಗಳು. ಶಾಲೆಯ ಮುಂದೆ ತಂತಿಜಾಲರಿಯ ಕೊಡೆ ನಿಲ್ಲಿಸಿದ್ದರಂತೆ. ಅಪ್ಪ ಪಕ್ಕದೂರಿನಿಂದ ಬಾಡಿಗೆ ಸೈಕಲ್ಲಿನಲ್ಲಿ ಹೋಗಿ, ನೆಲದ ಮೇಲೆ ಕೂತು ಕನ್ನಡ ಕಾರ್ಯಕ್ರಮ ನೋಡಿ ಬರುತ್ತಿದ್ದರಂತೆ.

ನಮ್ಮ ಬಾಹ್ಯಾಕಾಶದ ಕಥೆಯಲ್ಲೂ ಸೈಕಲ್ಲಿಗೆ ಜಾಗವಿದೆ. ಕೇರಳದ ತುಂಬಾದಲ್ಲಿ ರಾಕೆಟ್ಟಿನ ಮೂತಿಯನ್ನು ಸೈಕಲ್ಲಿನ ಹಿಂದಿಟ್ಟು ಒಯ್ಯುವ ಆ ಹಳೆಯ ಫೋಟೋ ನೀವೂ ನೋಡಿರುತ್ತೀರಿ. ಈಗ ಅದೇ ಉಪಗ್ರಹದ ಹೆಸರಿನ ರಸ್ತೆಯಲ್ಲಿ ಸೈಕಲ್ಲು ತುಳಿಯುವವನಿಗೆ ಜಾಗವಿಲ್ಲ. 2009ರಲ್ಲಿ 'ಜನಮಾರ್ಗ್' ಬಸ್ಸುಗಳು ಶುರುವಾದಾಗ ಬಸ್ಸಿನ ಹಾದಿಯ ಪಕ್ಕ ಕೆಲವೆಡೆ ಸೈಕಲ್ ಪಥವನ್ನೂ ಹಾಕಿದರು. ಇವತ್ತು ಅದರ ಮೇಲೆ ನಿಂತಿರುವುದು ಕಾರು, ಸ್ಕೂಟರು, ಚಹಾದ ಗಾಡಿ.

2023ರ ಜುಲೈ 20ರ ನಡುರಾತ್ರಿ, ಇಲ್ಲೇ ಹತ್ತಿರದ ಇಸ್ಕಾನ್ ಮೇಲ್ಸೇತುವೆಯಲ್ಲಿ ಒಂದು ಅಪಘಾತವಾಗಿತ್ತು. ಅದರ ಸುತ್ತ ನೆರೆದ ಜನರ ಮೇಲೆ ಇನ್ನೊಂದು ಕಾರು ನುಗ್ಗಿ ಒಂಬತ್ತು ಮಂದಿ ಸತ್ತರು. ಅವರಲ್ಲಿ ಕರ್ತವ್ಯದ ಮೇಲೆ ಬಂದಿದ್ದ ಪೊಲೀಸ್ ಪೇದೆಯೂ ಇದ್ದರು. ಕಾರಿನ ವೇಗ ಗಂಟೆಗೆ 140 ಕಿ.ಮೀ. ದಾಟಿತ್ತೆಂದು ತನಿಖೆ ಹೇಳಿತು. ಡಿಕ್ಕಿಯ ಶಕ್ತಿ ವೇಗದ ವರ್ಗದಂತೆ ಏರುತ್ತದೆ, ಅಂದರೆ 70ರ ವೇಗಕ್ಕಿಂತ 140ರಲ್ಲಿ ಅದು ಎರಡು ಪಟ್ಟಲ್ಲ, ನಾಲ್ಕು ಪಟ್ಟು.

ಮರುದಿನ ಹೆಂಡತಿ, 'ಇನ್ನು ಸೈಕಲ್ಲು ಸಾಕು' ಅಂದಳು. ನಾನು ಬೇರೆಯೇ ಲೆಕ್ಕ ಹಾಕಿದೆ: ನಿಧಾನವಿರುವುದೇ ನನ್ನ ತೊಂದರೆ, ಚುರುಕಾದ ಸೈಕಲ್ಲು ಕೊಂಡರೆ ವಾಹನಗಳ ಜೊತೆ ಸಾಗಬಹುದು.

ನನ್ನದು ಹಳೇ ಕಾಲದ ಕಪ್ಪು ಸೈಕಲ್ಲು, 28 ಇಂಚಿನ ಗಾಲಿ. ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ 1885ರಲ್ಲಿ ತಂದ 'ರೋವರ್' ಸೈಕಲ್ಲಿನ ಮೈಕಟ್ಟು ಅದರಲ್ಲಿ ಈಗಲೂ ಕಾಣುತ್ತದೆ. ಮುಂದೆ 44 ಹಲ್ಲು, ಹಿಂದೆ 18. ಒಂದು ಸುತ್ತು ತುಳಿದರೆ ಸುಮಾರು ಐದೂವರೆ ಮೀಟರ್. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ 20 ಕಿ.ಮೀ. ಹತ್ತಿರ. ಗೇರಿರುವ ಹಗುರ ಹೈಬ್ರಿಡ್‌ನಲ್ಲಿ, ಸ್ವಲ್ಪ ಬಾಗಿ ಗಾಳಿ ತಪ್ಪಿಸಿಕೊಂಡರೆ, 24 ಮುಟ್ಟಬಹುದು. ನನ್ನ ಏಳು ಕಿ.ಮೀ. ಹಾದಿಯಲ್ಲಿ ಉಳಿಯುವುದು ನಾಲ್ಕು ನಿಮಿಷವೂ ಅಲ್ಲ. ಶಿವರಂಜನಿ ಚೌಕದ ಸಿಗ್ನಲ್ಲೊಂದೇ ಅದನ್ನು ನುಂಗಿಬಿಡುತ್ತದೆ.

ಇನ್ನು ಅಪಾಯದ ಲೆಕ್ಕ. ಕೇಂದ್ರ ಸರ್ಕಾರ 2018ರಲ್ಲಿ ನಗರದೊಳಗೆ ಕಾರುಗಳಿಗೆ 70 ಕಿ.ಮೀ. ಗರಿಷ್ಠ ಮಿತಿ ಇಟ್ಟಿತು. ರಾಜ್ಯಗಳು ಅದನ್ನು ಇಳಿಸಬಹುದು. ಹಿಂದಿನಿಂದ 70ರಲ್ಲಿ ಬರುವ ಕಾರಿಗೂ 20ರಲ್ಲಿ ಹೋಗುವ ನನಗೂ ಅಂತರ 50. ಹೊಸ ಸೈಕಲ್ಲು ಕೊಂಡರೆ 46. ಅದೇ ಕಾರು 30ಕ್ಕೆ ಇಳಿದರೆ, ನನ್ನ ಹಳೇ ಸೈಕಲ್ಲಿನಲ್ಲೇ ಅಂತರ ಬರೀ 10. ಪಾದಚಾರಿಗಳು, ಸೈಕಲ್ಲಿನವರು ವಾಹನಗಳ ಜೊತೆ ಬೆರೆಯುವ ಕಡೆ 30ರ ಮಿತಿ ಇರಲಿ ಎಂದು 2020ರ ಸ್ಟಾಕ್‌ಹೋಮ್ ಘೋಷಣೆ ಹೇಳಿದ್ದೂ ಇದೇ ಕಾರಣಕ್ಕೆ.

ವೇಗಮಿತಿ ಹೊಸ ಮಾತೂ ಅಲ್ಲ. 1865ರ ಬ್ರಿಟಿಷ್ ಕಾಯಿದೆ ಉಗಿಗಾಡಿಗಳನ್ನು ಊರೊಳಗೆ ಗಂಟೆಗೆ ಎರಡು ಮೈಲಿಗೆ ಕಟ್ಟಿಹಾಕಿತ್ತು, ಮುಂದೊಬ್ಬ ಕೆಂಪು ಬಾವುಟ ಹಿಡಿದು ನಡೆಯಬೇಕಿತ್ತು. 1896ರಲ್ಲಿ ಹಗುರ ಮೋಟಾರುಗಳಿಗೆ ಆ ನಿರ್ಬಂಧ ಹೋಯಿತು. ಆಗ ಎಚ್ಚರ ವಹಿಸಬೇಕಾದವನು ಗಾಡಿಯವನು. ಈಗ ಆ ಹೊಣೆ ಸದ್ದಿಲ್ಲದೆ ನಡೆಯುವವನ, ತುಳಿಯುವವನ ಹೆಗಲಿಗೆ ಬಂದಿದೆ. ನಾನೂ ಅದನ್ನು ಒಪ್ಪಿಕೊಂಡೇ ವೇಗದ ಸೈಕಲ್ಲು ಹುಡುಕಲು ಹೊರಟಿದ್ದೆ.

ಕೊನೆಗೆ ಹೈಬ್ರಿಡ್ ಕೊಂಡೆ, ನಿಜ. ಆದರೆ ವೇಗ ನೋಡಿ ಅಲ್ಲ. ಮಳೆಯಲ್ಲೂ ಹಿಡಿಯುವ ಡಿಸ್ಕ್ ಬ್ರೇಕು, ಗುಂಡಿಗೆ ಹೆದರದ ಅಗಲ ಟೈರು, ಸಿಗ್ನಲ್ಲಿನಿಂದ ಬೇಗ ಹೊರಡಲು ಗೇರು. ಮೇಲ್ಸೇತುವೆ ಹತ್ತುವುದಿಲ್ಲ, ಸೊಸೈಟಿಗಳ ನಡುವಿನ ಒಳದಾರಿಯಲ್ಲಿ ಎರಡು ಕಿ.ಮೀ. ಸುತ್ತಿ ಹೋಗುತ್ತೇನೆ. ಹೆಂಡತಿ ಒಪ್ಪಿದ್ದು ಆ ಷರತ್ತಿನ ಮೇಲೆ. ಆಫೀಸು ಮುಟ್ಟಿದ ಕೂಡಲೇ ಅವಳಿಗೊಂದು ಮೆಸೇಜು ಹಾಕಬೇಕು.

ಅಪ್ಪನಿಗೆ ಹೊಸ ಸೈಕಲ್ಲಿನ ಫೋಟೋ ಕಳಿಸಿದೆ. 'ಎಷ್ಟು ಜೋರು ಓಡ್ತದ?' ಎಂದು ಕೇಳಲಿಲ್ಲ. 'ಬ್ರೇಕ್ ಹ್ಯಾಂಗವ?' ಅಂದರು.