ಅಂಚೆ ಚೀಲದಿಂದ ಮೊಬೈಲಿನವರೆಗೆ: ಮನೆಯಲ್ಲೇ ಕಲಿತು ಶಿಶುಶಿಕ್ಷಕಿಯಾದವರ ಚರಿತ್ರೆ

ಮನೆಗೆಲಸ ಮುಗಿಸಿ ಮೊಬೈಲಿನ ಮುಂದೆ ಕುಳಿತು ಶಿಶುಶಿಕ್ಷಣದ ಪಾಠ ಕೇಳುವ ಹೆಣ್ಣುಮಕ್ಕಳು ಇಂದು ಅಂಕಲಗಿಯಂಥ ಊರುಗಳಲ್ಲಿಯೂ ಇದ್ದಾರೆ. ಇದು ಕೊರೊನಾ ಕಾಲದಲ್ಲಿ ಹುಟ್ಟಿಕೊಂಡ ಹೊಸ ಪದ್ಧತಿಯೆಂದು ಹಲವರ ತಿಳಿವಳಿಕೆ. ಆದರೆ ಶಾಲೆಗೆ ಹೋಗಲಾಗದ ಹೆಣ್ಣುಮಗಳ ಮನೆಬಾಗಿಲಿಗೇ ವಿದ್ಯೆ ಬಂದ ಚರಿತ್ರೆ ನಮ್ಮ ಸಮುದಾಯದಲ್ಲಿ ನೂರಿಪ್ಪತ್ತೈದು ವರ್ಷಕ್ಕೂ ಹಳೆಯದು.

1898ರಲ್ಲಿ ಲಾಹೋರಿನಲ್ಲಿ ಮುಹಮ್ಮದಿ ಬೇಗಂ ಮತ್ತು ಅವರ ಪತಿ ಸಯ್ಯದ್ ಮುಮ್ತಾಜ್ ಅಲಿ 'ತಹಜೀಬ್-ಎ-ನಿಸ್ವಾನ್' ಎಂಬ ಉರ್ದು ವಾರಪತ್ರಿಕೆಯನ್ನು ಆರಂಭಿಸಿದರು. ಬೇಗಂ ಸಾಹೇಬಾ ಅವರೇ ಸಂಪಾದಕಿ. ಪರದೆಯ ಒಳಗಿದ್ದ ಮಹಿಳೆಯರಿಗೆ ಅದು ಅಂಚೆಯಲ್ಲಿ ಬರುತ್ತಿತ್ತು. ಮೊದಮೊದಲು ಕಳುಹಿಸಿದ ಎಷ್ಟೋ ಪ್ರತಿಗಳು ಮೇಲೆ ಬೈಗುಳ ಬರೆಸಿಕೊಂಡು ಹಿಂತಿರುಗಿ ಬಂದವಂತೆ! ಆದರೂ ಪತ್ರಿಕೆ ನಿಲ್ಲಲಿಲ್ಲ. ಓದುಗರು ಪತ್ರ ಬರೆದರು, ಬರೆದದ್ದು ಅಚ್ಚಾಯಿತು, ಅದಕ್ಕೆ ಮತ್ತೊಬ್ಬರು ಉತ್ತರಿಸಿದರು. ಮುಹಮ್ಮದಿ ಬೇಗಂ 1908ರಲ್ಲಿ ತೀರಿಕೊಂಡ ಮೇಲೂ ಅದು ದಶಕಗಳ ಕಾಲ ನಡೆಯಿತು. ಕಲಿಯುವವಳು ಕೇಳುತ್ತಾ ಕೂರದೆ ಮರುಮಾತನಾಡಿದ್ದೇ ಅದರ ಶಕ್ತಿಯೆಂದು ನನ್ನ ಅಭಿಪ್ರಾಯ.

ಇನ್ನು ಚಿಕ್ಕ ಮಕ್ಕಳ ಶಿಕ್ಷಣದ ವಿಷಯಕ್ಕೆ ಬರೋಣ. ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ 1920ರಲ್ಲಿ ಬಾಲಮಂದಿರ ತೆರೆದರು. ಅವರ ಜೊತೆ ದುಡಿದ ತಾರಾಬಾಯಿ ಮೋಡಕ್ 1945ರಲ್ಲಿ ಠಾಣೆ ಜಿಲ್ಲೆಯ ಬೋರ್ಡಿ ಗ್ರಾಮಕ್ಕೆ ಹೋದರು. ನಮ್ಮ ಬೆಳಗಾವಿ ಜಿಲ್ಲೆಯೂ ಆಗ ಅದೇ ಮುಂಬಯಿ ಪ್ರಾಂತದಲ್ಲಿತ್ತು. ಬಡವರ ಮಕ್ಕಳು ಶಾಲೆಗೆ ಬಾರದಿದ್ದರೆ ಶಾಲೆಯೇ ಅವರ ಅಂಗಳಕ್ಕೆ ಹೋಗಬೇಕೆಂಬುದು ಅವರ ವಿಚಾರ. 'ಅಂಗನವಾಡಿ' ಎಂಬ ಮಾತಿನ ಬೇರು ಅಲ್ಲಿದೆ. ದುಬಾರಿ ಮಾಂಟೆಸ್ಸೊರಿ ಸಾಮಗ್ರಿಯ ಬದಲು ಕಲ್ಲು, ಕಾಯಿ, ಎಲೆ, ಬೀಜಗಳನ್ನೇ ಪಾಠೋಪಕರಣ ಮಾಡಿದರು. ಅವರೂ ಅನುತಾಯಿ ವಾಘ್ ಅವರೂ ಸೇರಿ ಹಳ್ಳಿಯ ಹೆಂಗಸರನ್ನು ಮಕ್ಕಳ ನಡುವೆಯೇ ಕೂರಿಸಿ ಶಿಕ್ಷಕಿಯರನ್ನಾಗಿ ತಯಾರು ಮಾಡಿದರು.

1975ನೇ ಇಸವಿ ಈ ಚರಿತ್ರೆಯಲ್ಲಿ ಮರೆಯಲಾಗದ್ದು. ಆ ವರ್ಷದ ಆಗಸ್ಟ್ 1ರಂದು ಉಪಗ್ರಹದ ಮೂಲಕ ದೂರದರ್ಶನ ಪಾಠ ನೀಡುವ 'ಸೈಟ್' ಪ್ರಯೋಗ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಆರಂಭವಾಯಿತು. ಕರ್ನಾಟಕದಲ್ಲಿ ನಮ್ಮ ನೆರೆಯ ವಿಜಾಪುರ ಹಾಗೂ ಗುಲಬರ್ಗಾ, ರಾಯಚೂರು ಜಿಲ್ಲೆಗಳು ಅದರಲ್ಲಿದ್ದವು. ಒಂದೇ ವರ್ಷದ ಆ ಪ್ರಯೋಗದಲ್ಲಿ ದೇಶದ ಸುಮಾರು 50,000 ಪ್ರಾಥಮಿಕ ಶಿಕ್ಷಕರಿಗೆ ವಿಜ್ಞಾನ ಬೋಧನೆಯ ತರಬೇತಿ ದೊರೆಯಿತು. ದೂರದಿಂದ ವಯಸ್ಕರಿಗೆ ಕಲಿಸುವ ಕೆಲಸಕ್ಕೆ ಇಷ್ಟು ದೊಡ್ಡ ಉದಾಹರಣೆ ಅಲ್ಲಿಯವರೆಗೆ ನಮ್ಮಲ್ಲಿರಲಿಲ್ಲ. ಟಿ.ವಿ. ಜೊತೆಗೆ ರೇಡಿಯೊ, ಮುದ್ರಿತ ಪಾಠ, ಸ್ಥಳದಲ್ಲೇ ಕೈಯಾರೆ ಮಾಡುವ ಚಟುವಟಿಕೆಗಳೂ ಇದ್ದವು.

ಅದೇ ವರ್ಷ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಬಂತು. ನಮ್ಮ ರಾಜ್ಯದಲ್ಲಿ ಟಿ. ನರಸೀಪುರದಲ್ಲಿ 100 ಅಂಗನವಾಡಿಗಳಿಂದ ಶುರುವಾದದ್ದು ಇಂದು 65 ಸಾವಿರಕ್ಕೂ ಹೆಚ್ಚು ಕೇಂದ್ರಗಳಾಗಿದೆ. ತಿಂಗಳ ಗೌರವಧನಕ್ಕೆ ದುಡಿಯುವ ಕಾರ್ಯಕರ್ತೆ ತೂಕ ಹಾಕಬೇಕು, ಆಹಾರ ಹಂಚಬೇಕು, ರಿಜಿಸ್ಟರ್ ಬರೆಯಬೇಕು. ಇವೆಲ್ಲ ಮುಗಿದ ಮೇಲೆ ಪಾಠಕ್ಕೆ ಉಳಿಯುವ ಸಮಯವೆಷ್ಟು?

ಓದು ಅರ್ಧಕ್ಕೆ ಬಿಟ್ಟವರಿಗೆ ದೂರಶಿಕ್ಷಣ ಆಸರೆಯಾಯಿತು. ಮೈಸೂರು ವಿಶ್ವವಿದ್ಯಾಲಯದ ಅಂಚೆ ಶಿಕ್ಷಣ 1969ರದು. 1996ರಲ್ಲಿ ಅದರಿಂದಲೇ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಬೆಳೆಯಿತು. 1998ರಲ್ಲಿ ಹೈದರಾಬಾದಿನಲ್ಲಿ ಸ್ಥಾಪನೆಯಾದ ಮೌಲಾನಾ ಆಜಾದ್ ರಾಷ್ಟ್ರೀಯ ಉರ್ದು ವಿಶ್ವವಿದ್ಯಾಲಯವಂತೂ ತನ್ನ ಮೊದಲ ಪಾಠಗಳನ್ನು ದೂರಶಿಕ್ಷಣದ ಮೂಲಕವೇ, ಅದೂ ಉರ್ದುವಿನಲ್ಲಿ ನೀಡಿತು. 1985ರಲ್ಲಿ ಹುಟ್ಟಿದ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯ ಮುಂದೆ ಪಿ.ಯು.ಸಿ. ಆದವರಿಗಾಗಿ ಶಿಶುಪಾಲನೆ ಮತ್ತು ಶಿಕ್ಷಣದಲ್ಲಿ ಒಂದು ವರ್ಷದ ಡಿಪ್ಲೊಮಾ ತೆರೆಯಿತು. ಪುಸ್ತಕ ಅಂಚೆಯಲ್ಲಿ ಬಂದರೂ ಮಕ್ಕಳ ಜೊತೆ ಪ್ರಾಜೆಕ್ಟ್ ಮಾಡದೆ ಅದರ ಡಿಪ್ಲೊಮಾ ಕೈಗೆ ಸಿಗದು.

ಮೊಬೈಲಿನ ಸರದಿ 2020ರಲ್ಲಿ ಬಂತು. ಆ ವರ್ಷದ ರಾಷ್ಟ್ರೀಯ ಶಿಕ್ಷಣ ನೀತಿಯು ಪಿ.ಯು.ಸಿ. ಆದ ಅಂಗನವಾಡಿ ಕಾರ್ಯಕರ್ತೆಗೆ ಆರು ತಿಂಗಳ ಸರ್ಟಿಫಿಕೇಟ್, ಅದಕ್ಕಿಂತ ಕಡಿಮೆ ಓದಿದವಳಿಗೆ ಒಂದು ವರ್ಷದ ಡಿಪ್ಲೊಮಾ ಎಂದು ಹೇಳಿ, ಇವನ್ನು ಡಿ.ಟಿ.ಎಚ್. ವಾಹಿನಿ ಮತ್ತು ಸ್ಮಾರ್ಟ್‌ಫೋನ್ ಮೂಲಕ ನಡೆಸಬಹುದೆಂದಿತು. ಕರ್ನಾಟಕ ಸರಕಾರ ತನ್ನದೇ ಶಿಕ್ಷಣ ನೀತಿಯ ದಾರಿ ಹಿಡಿದಿದೆ, ಆ ಮಾತು ಬೇರೆ. ಆದರೆ ಅದೇ ದಾಖಲೆಯ ಇನ್ನೊಂದು ವಾಕ್ಯವನ್ನು ಯಾರೂ ಎತ್ತಿ ಹೇಳುವುದಿಲ್ಲ: ಕ್ಲಸ್ಟರ್ ಸಂಪನ್ಮೂಲ ಕೇಂದ್ರಗಳು ತಿಂಗಳಿಗೆ ಕನಿಷ್ಠ ಒಂದು ಮುಖಾಮುಖಿ ತರಗತಿ ನಡೆಸಬೇಕು.

ನನ್ನ ದೃಷ್ಟಿಯಲ್ಲಿ ಇಡೀ ವಿಷಯ ನಿಂತಿರುವುದು ಆ ಒಂದು ದಿನದ ಮೇಲೆ. ವಿಡಿಯೊ ತಾನಾಗಿ ಓಡುತ್ತಿರುವಾಗ ಕಲಿಯುವವಳು ಒಳಗೆ ರೊಟ್ಟಿ ಬಡಿಯುತ್ತಿರಬಹುದು. ಮನೆಗೊಂದೇ ಫೋನ್ ಇದ್ದರೆ ಅದು ಹೊಲಕ್ಕೆ ಹೋದ ಯಜಮಾನರ ಜೇಬಿನಲ್ಲಿರುತ್ತದೆ. ಇವೆಲ್ಲಕ್ಕೂ ಹೇಗೋ ದಾರಿ ಹುಡುಕಬಹುದು. ಆದರೆ ಅಳುವ ಮೂರು ವರ್ಷದ ಮಗುವನ್ನು ಸಮಾಧಾನಪಡಿಸುವುದು, ಮನೆಯಲ್ಲಿ ಉರ್ದು ಆಡುವ ಮಗುವಿಗೆ ಕನ್ನಡದ ಹಾಡನ್ನು ಹೆದರಿಕೆಯಿಲ್ಲದಂತೆ ದಾಟಿಸುವುದು, ಇವನ್ನು ಮಗುವಿನೆದುರೇ ಕಲಿಯಬೇಕು. ಮಾಡಿದ್ದನ್ನು ನೋಡಿ ತಿದ್ದಲು ಅನುಭವಿಯೊಬ್ಬರು ಪಕ್ಕದಲ್ಲಿರಬೇಕು.

ಒಂದು ಎಚ್ಚರಿಕೆಯ ಮಾತು. ಮೊಬೈಲಿನಲ್ಲಿ ಕಾಣುವ 'ನರ್ಸರಿ ಟೀಚರ್ ಟ್ರೇನಿಂಗ್' ಜಾಹೀರಾತುಗಳಿಗೆ ಹಣ ಕಟ್ಟುವ ಮೊದಲು ಸಹೋದರಿಯರು ವಿಚಾರಿಸಬೇಕು. ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಮಂಡಳಿಯ 2014ರ ನಿಯಮಾವಳಿಯಲ್ಲಿ ಈ ಹಂತಕ್ಕೆ ಹೇಳಿರುವ ಕೋರ್ಸು ಎರಡು ವರ್ಷದ್ದು. ಶಾಲೆಯಲ್ಲಿ ಪ್ರತ್ಯಕ್ಷ ಬೋಧನೆ ಅದರ ಭಾಗ. ಕೆಲವೇ ವಾರಗಳಲ್ಲಿ ಮನೆಗೆ ಬರುವ ಸರ್ಟಿಫಿಕೇಟನ್ನು ಅದಕ್ಕೆ ಸಮವೆಂದು ನಂಬಿ ಬಳೆ ಅಡವಿಡಬಾರದು.

ರವಿವಾರ ನಮ್ಮ ಶಾಲೆಗಳ ಕೋಣೆಗಳು ಖಾಲಿ ಇರುತ್ತವೆ. ಆನ್‌ಲೈನಿನಲ್ಲಿ ಕಲಿಯುತ್ತಿರುವ ಸಹೋದರಿಯರಿಗೆ, ಯಾವ ಸಂಸ್ಥೆಯ ಕೋರ್ಸಾದರೂ ಸರಿ, ತಿಂಗಳಿಗೊಂದು ರವಿವಾರ ಒಂದು ಕೋಣೆ, ಹತ್ತು ಮಕ್ಕಳು, ಒಬ್ಬ ಹಿರಿಯ ಶಿಕ್ಷಕಿಯನ್ನು ಒದಗಿಸುವ ವಿಷಯವನ್ನು ಆಡಳಿತ ಮಂಡಳಿ ಮುಂದಿನ ಸಭೆಯಲ್ಲಿ ಚರ್ಚೆಗೆ ಇಡಬೇಕೆಂದು ವಿನಂತಿಸುತ್ತೇನೆ. ಅಂದು ಅವರವರ ಮಕ್ಕಳನ್ನೂ ಜೊತೆಗೇ ಕರೆತರಲು ಅವಕಾಶವಿರಲಿ.