ಕಲ್ಲಿನಲ್ಲಿ ಕೊರೆದ ಕರಾರು

ಸರಕಾರಿ ಗುತ್ತಿಗೆದಾರ ಎಂದೊಡನೆ ನಮ್ಮ ಕಣ್ಣ ಮುಂದೆ ಮೂಡುವ ಚಿತ್ರ ಅಷ್ಟೇನೂ ಗೌರವದ್ದಲ್ಲ. ಮೊದಲ ಮಳೆಗೇ ಕಿತ್ತುಹೋದ ರಸ್ತೆ, ವರ್ಷ ತುಂಬುವ ಮೊದಲೇ ಬಿರುಕು ಬಿಟ್ಟ ಶಾಲೆಯ ಗೋಡೆ, ಮೇಜಿನಿಂದ ಮೇಜಿಗೆ ಅಲೆಯುವ ಬಿಲ್ಲು ಇವೇ ನೆನಪಾಗುತ್ತವೆ. ಆದರೆ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ ಮತ್ತು ನಾಗಮಂಗಲ ಸೀಮೆಯ ಇತಿಹಾಸವನ್ನು ಓದುತ್ತಾ ಹೋದರೆ ನಮಗೆ ಬೇರೊಂದು ಚಿತ್ರವೂ ಸಿಗುತ್ತದೆ. ಇಲ್ಲಿನ ಭತ್ತದ ಗದ್ದೆ, ಕಬ್ಬಿನ ತೋಟಗಳಿಗೆ ನೀರು ಸುಮ್ಮನೆ ಹರಿದು ಬಂದದ್ದಲ್ಲ. ಅದರ ಹಿಂದೆ ಕೆಲಸ ಕೊಟ್ಟ ಪ್ರಭುತ್ವ ಮತ್ತು ಕೆಲಸ ಹಿಡಿದ ಮನುಷ್ಯರ ನಡುವಿನ ಒಂದು ಮಾತಿದೆ. ಆ ಮಾತು ಉಳಿದಲ್ಲಿ ಕಟ್ಟೆ ಉಳಿದಿದೆ.

ಗುತ್ತಿಗೆ ಎಂಬ ಪದವೇ ಹಳೆಯದು. ನಮ್ಮ ಶಾಸನಗಳಲ್ಲಿ 'ಗುತ್ತಗೆ' ಎಂದರೆ ಗೊತ್ತುಪಡಿಸಿದ ಮೊತ್ತಕ್ಕೆ ಭೂಮಿಯನ್ನು ವಹಿಸಿಕೊಡುವುದು. ಕೆರೆ ಕಟ್ಟುವ ಕೆಲಸಕ್ಕೆ ಬೇರೆಯದೇ ಏರ್ಪಾಡು ಇತ್ತು. ಕೆರೆ ಕಟ್ಟಿದವನಿಗೆ ಅಥವಾ ಒಡೆದ ಕೆರೆಯನ್ನು ಸರಿಪಡಿಸಿದವನಿಗೆ ಅದೇ ಕೆರೆಯ ಕೆಳಗಿನ ಭೂಮಿಯನ್ನು ತೆರಿಗೆ ಬಿಟ್ಟು ಅಥವಾ ತೆರಿಗೆ ಇಳಿಸಿ ಕೊಡುತ್ತಿದ್ದರು. ಕಟ್ಟುಕೊಡಗಿ, ಬಿತ್ತುವಟ್ಟ, ದಶವಂದ ಎಂಬ ಹೆಸರುಗಳು ಈ ಬಗೆಯ ದತ್ತಿಗಳಿಗೆ ಸಂಬಂಧಿಸಿದವು. ಹಳೆ ಮೈಸೂರಿನ ಶಾಸನ ಸಂಪುಟಗಳಲ್ಲಿ ಇಂತಹ ದತ್ತಿಗಳ ಉಲ್ಲೇಖ ಮತ್ತೆ ಮತ್ತೆ ಬರುತ್ತದೆ.

ಈ ಏರ್ಪಾಡಿನ ಜಾಣ್ಮೆಯನ್ನು ಗಮನಿಸಬೇಕು. ಕೆಲಸ ಮಾಡಿದವನಿಗೆ ಸಿಗುವ ಕೂಲಿ ಹಣವಲ್ಲ, ಗದ್ದೆ. ಗದ್ದೆ ಫಲ ಕೊಡಬೇಕಾದರೆ ನೀರು ಬೇಕು, ನೀರು ನಿಲ್ಲಬೇಕಾದರೆ ಏರಿ ಗಟ್ಟಿಯಿರಬೇಕು. ಏರಿಗೆ ಮಣ್ಣು ಕಡಿಮೆ ಹಾಕಿದರೆ, ತೂಬನ್ನು ಸಡಿಲವಾಗಿ ಕೂರಿಸಿದರೆ ಮೊದಲು ನಷ್ಟವಾಗುವುದು ಸ್ವಂತ ಮನೆಗೆ, ಆಮೇಲೆ ಮಕ್ಕಳಿಗೆ. ಹೀಗೆ ಕುಟುಂಬವೇ ಕಾಮಗಾರಿಯ ಜಾಮೀನಾಗಿತ್ತು. ಇನ್ನು ನಂಬಿಕೆಯೋ, ಅದು ಶಾಸನದ ಕೊನೆಯ ಸಾಲುಗಳಲ್ಲಿ ಕಾದು ನಿಂತಿರುತ್ತಿತ್ತು. ಈ ಧರ್ಮವನ್ನು ಕೆಡಿಸಿದವನು ಗಂಗೆಯ ತಡಿಯಲ್ಲಿ ಗೋವನ್ನು ಕೊಂದ ಪಾಪಕ್ಕೆ ಹೋಗುತ್ತಾನೆ ಎಂಬ ಅರ್ಥದ ಶಾಪವಾಕ್ಯ ನಮ್ಮ ನಾಡಿನ ಶಾಸನಗಳಲ್ಲಿ ಸಾಮಾನ್ಯ. ಅಧಿಕಾರಿಯ ಕಣ್ಣು ತಲುಪದ ಕಡೆ ಈ ಭಯ ತಲುಪುತ್ತಿತ್ತು.

ಈ ನಾಲ್ಕೂ ತಾಲೂಕುಗಳಲ್ಲಿ ಹಳೆಯ ಜಲನಿರ್ಮಾಣಗಳ ಗುರುತು ಇಂದಿಗೂ ಇದೆ. ಶ್ರೀರಂಗಪಟ್ಟಣದ ಬಯಲಿನಲ್ಲಿ ಚಿಕ್ಕದೇವರಾಜ ಒಡೆಯರ (1673-1704) ಹೆಸರಿನ ನಾಲೆ ಹರಿಯುತ್ತದೆ. ಕೆ.ಆರ್. ಪೇಟೆಯಲ್ಲಿ ಹೇಮಾವತಿಗೆ ಅಡ್ಡಲಾಗಿ ಹೇಮಗಿರಿ, ಮಂದಗೆರೆ ಅಣೆಗಳಿವೆ. ನಾಗಮಂಗಲದ ಒಣಸೀಮೆ ಶತಮಾನಗಳಿಂದ ಕೆರೆಗಳನ್ನೇ ನಂಬಿತ್ತು. ಪಾಂಡವಪುರದ ತೊಣ್ಣೂರು ಕೆರೆಯನ್ನು ಜನ ರಾಮಾನುಜಾಚಾರ್ಯರ ನೆನಪಿನೊಂದಿಗೆ ಜೋಡಿಸುತ್ತಾರೆ. ಅದೇ ಕೆರೆಗೆ ಮೋತಿ ತಾಲಾಬ್ ಎಂಬ ಹೆಸರೂ ಇದೆ. ಅದರ ತಿಳಿನೀರನ್ನು ಕಂಡು ನಾಸಿರ್ ಜಂಗ್ ಇಟ್ಟ ಹೆಸರದು ಎನ್ನುತ್ತಾರೆ. ನೀರಿಗೆ ಎರಡು ಹೆಸರಿದ್ದರೂ ಏರಿ ಒಂದೇ!

ಇನ್ನು ಕನ್ನಂಬಾಡಿಯ ಕಲ್ಲಿನ ವಿಷಯಕ್ಕೆ ಬರೋಣ. ಕೃಷ್ಣರಾಜಸಾಗರ ಕಟ್ಟುವ ಕಾಲದಲ್ಲಿ ಟಿಪ್ಪು ಸುಲ್ತಾನನ ಒಂದು ಪಾರ್ಸಿ ಶಾಸನ ದೊರೆಯಿತು. ಅದನ್ನು ಅಣೆಕಟ್ಟಿನ ಬಳಿಯೇ ಇರಿಸಲಾಯಿತು. 1790ರ ದಶಕದ ಆ ಶಾಸನ ಕಾವೇರಿಗೆ ಅಣೆಕಟ್ಟು ಕಟ್ಟಲು ಸುಲ್ತಾನ ಅಡಿಗಲ್ಲು ಹಾಕಿಸಿದ ಸಂಗತಿಯನ್ನು ಹೇಳುತ್ತದೆ. ಆ ಕೆಲಸ ಪೂರ್ಣಗೊಳ್ಳಲಿಲ್ಲ, 1799ರಲ್ಲಿ ಟಿಪ್ಪು ಶ್ರೀರಂಗಪಟ್ಟಣದ ಕೋಟೆಯಲ್ಲಿ ಹೋರಾಡುತ್ತಾ ಮಡಿದ. ಇಂದು ನಾವು ನೋಡುವ ಅಣೆಕಟ್ಟು ನಾಲ್ವಡಿ ಕೃಷ್ಣರಾಜ ಒಡೆಯರ ಸರಕಾರ ಕಟ್ಟಿಸಿದ್ದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಶ್ರೇಯಸ್ಸು ಯಾರಿಗೆ ಎಂಬ ಜಗಳದ ಗದ್ದಲದಲ್ಲಿ ಆ ಕಲ್ಲಿನ ಮೇಲಿನ ಷರತ್ತುಗಳನ್ನು ಓದುವವರೇ ಕಡಿಮೆಯಾಗಿದ್ದಾರೆ.

ಆ ಷರತ್ತುಗಳೇನು? ಈ ಕೆಲಸಕ್ಕೆ ಸರಕಾರ ಲಕ್ಷಾಂತರ ಹಣ ವ್ಯಯಿಸುತ್ತಿರುವುದು ದೇವನ ಸಂಪ್ರೀತಿಗಾಗಿ ಎಂದು ಶಾಸನ ಸಾರುತ್ತದೆ. ಈ ನೀರಿನಿಂದ ಹೊಸದಾಗಿ ಭೂಮಿ ಸಾಗುವಳಿ ಮಾಡುವವರಿಗೆ ಸರಕಾರಕ್ಕೆ ಸಲ್ಲಬೇಕಾದ ಪಾಲಿನಲ್ಲಿ ನಾಲ್ಕನೇ ಒಂದು ಭಾಗ ದೇವನ ಹೆಸರಿನಲ್ಲಿ ಮಾಫಿ. ಹಾಗೆ ಸಾಗುವಳಿ ಮಾಡಿದ ಭೂಮಿ ಅವರ ಮಕ್ಕಳು, ಮೊಮ್ಮಕ್ಕಳಿಗೆ ಭೂಮಿ ಆಕಾಶಗಳು ಇರುವತನಕ ಉಳಿಯತಕ್ಕದ್ದು. ನಂಬಿಕೆ ಮತ್ತು ಕುಟುಂಬ ಎರಡನ್ನೂ ಪ್ರಭುತ್ವವೇ ಇಲ್ಲಿ ಕರಾರಿನ ಒಳಗೆ ತಂದಿದೆ. ಹಳೆಯ ಕಟ್ಟುಕೊಡಗಿಯ ಶಾಸನದಲ್ಲಿ ಕನ್ನಡದಲ್ಲಿದ್ದ ತತ್ವವೇ ಇಲ್ಲಿ ಪಾರ್ಸಿಯಲ್ಲಿದೆ. ಧರ್ಮ ಬೇರೆ, ಲಿಪಿ ಬೇರೆ. ಕೆಲಸದ ಬಗೆಗಿನ ತಿಳಿವಳಿಕೆ ಒಂದೇ.

ಬ್ರಿಟಿಷರ ಕಾಲದಲ್ಲಿ ಈ ಸಂಬಂಧ ಬದಲಾಯಿತು. 1856ರಲ್ಲಿ ಮೈಸೂರಿನಲ್ಲಿ ಮರಾಮತ್ತು ಇಲಾಖೆ ಸ್ಥಾಪನೆಯಾಯಿತು. ಅಂದಾಜುಪಟ್ಟಿ, ಟೆಂಡರು, ಅಳತೆ ಪುಸ್ತಕ, ಬಿಲ್ಲು ಇವುಗಳ ಯುಗ ಆರಂಭವಾಯಿತು. ಇದರಿಂದ ಲಾಭವೂ ಆಯಿತು. ಅರಸನ ಮರ್ಜಿಯ ಜಾಗಕ್ಕೆ ಲಿಖಿತ ನಿಯಮ ಬಂದಿತು. ಆದರೆ ಕಟ್ಟಿದವನು ಹಣ ಪಡೆದು ಮುಂದಿನ ಊರಿಗೆ ಹೊರಟುಬಿಡುವುದೂ ಆಗಲೇ ಸಾಧ್ಯವಾಯಿತು. ಏರಿ ಒಡೆದರೆ ಮುಳುಗುವ ಗದ್ದೆ ಈಗ ಅವನದಲ್ಲ.

ಅಲ್ಲಿಂದಾಚೆಗೆ ಗುತ್ತಿಗೆದಾರನನ್ನು ಕೆಲಸದ ಜೊತೆ ಕಟ್ಟಿಹಾಕಬೇಕಾದದ್ದು ಅವನ ಒಳಗಿನ ಬಂಧನವೇ. ಅದಿದ್ದವರು ಇದ್ದರು. ಬೆಂಗಳೂರಿನಲ್ಲಿ 1860ರ ದಶಕದಲ್ಲಿ ಅಠಾರಾ ಕಚೇರಿಯ ಕಟ್ಟಡದ ಕೆಲಸ ಹಿಡಿದ ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರ್ ತಮ್ಮ ಗಳಿಕೆಯನ್ನು ವಿದ್ಯಾದಾನಕ್ಕೆ ತಿರುಗಿಸಿದರು. 1873ರಲ್ಲಿ ಅವರು ಆರಂಭಿಸಿದ ಶಾಲೆಯಿಂದ ಬೆಳೆದ ವಿದ್ಯಾಸಂಸ್ಥೆಗಳು ಇಂದಿಗೂ ನಡೆಯುತ್ತಿವೆ. ಕಟ್ಟಡದ ಗುತ್ತಿಗೆ ಮುಗಿದು ಒಂದೂವರೆ ಶತಮಾನ ಕಳೆದಿದೆ, ಶಾಲೆಯ ಗಂಟೆ ನಿಂತಿಲ್ಲ.

1911ರಲ್ಲಿ ಕನ್ನಂಬಾಡಿಯಲ್ಲಿ ಕೆಲಸ ಶುರುವಾಯಿತು. ಸುಮಾರು 130 ಅಡಿ ಎತ್ತರ, 8,600 ಅಡಿ ಉದ್ದದ ಕಟ್ಟೆಯನ್ನು ಸುರ್ಕಿ ಗಾರೆಯಲ್ಲಿ ಕಟ್ಟಲಾಯಿತು. ಸುಮಾರು ಹತ್ತು ಸಾವಿರ ಮಂದಿ ದುಡಿದರು. ಮದ್ರಾಸಿನೊಂದಿಗಿನ ವಿವಾದ 1924ರ ಒಪ್ಪಂದದಿಂದ ಬಗೆಹರಿಯಿತು. 1931ರ ಹೊತ್ತಿಗೆ, ಸರ್ ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದಾಗ, ಅಣೆಕಟ್ಟು ಪೂರ್ಣಗೊಂಡಿತು. ಮಂಡ್ಯದ ಬಯಲಿಗೆ ನೀರೊಯ್ಯುವ ಇರ್ವಿನ್ ನಾಲೆಯೂ ಅವರ ಕಾಲದ್ದೇ. ನಾವದನ್ನು ಇಂದು ವಿಶ್ವೇಶ್ವರಯ್ಯ ನಾಲೆ ಎನ್ನುತ್ತೇವೆ.

ಆ ವಿಶ್ವೇಶ್ವರಯ್ಯನವರ ಬಗ್ಗೆ ಅವರ ಜೀವನಚರಿತ್ರೆಗಳಲ್ಲಿ ಒಂದು ಪ್ರಸಂಗ ಬರುತ್ತದೆ. 1912ರಲ್ಲಿ ದಿವಾನಗಿರಿ ಒಪ್ಪಿಕೊಳ್ಳುವ ಮೊದಲು ಅವರು ನೆಂಟರಿಷ್ಟರನ್ನೆಲ್ಲ ಕರೆಸಿದರು. ಯಾರೂ ತನ್ನ ಬಳಿ ಶಿಫಾರಸಿಗೆ ಬರುವುದಿಲ್ಲವೆಂದು ಮಾತು ಕೊಟ್ಟರೆ ಮಾತ್ರ ಈ ಹುದ್ದೆ ಎಂದರಂತೆ. ಕುಟುಂಬ ಎಂಬುದರ ಇನ್ನೊಂದು ಮುಖವನ್ನು ಈ ಪ್ರಸಂಗ ತೋರಿಸುತ್ತದೆ. ಕುಟುಂಬ ಮನುಷ್ಯನನ್ನು ಕಾಯುತ್ತದೆ, ಅದೇ ಕುಟುಂಬ ಅವನನ್ನು ಬಾಗಿಸುವುದೂ ಉಂಟು. ಭಾವಮೈದುನನಿಗೊಂದು ಕಾಮಗಾರಿ, ಅಣ್ಣನ ಮಗನಿಗೊಂದು ತುಂಡು ಗುತ್ತಿಗೆ ಎಂದು ಶುರುವಾದದ್ದು ಎಲ್ಲಿ ಮುಗಿಯುತ್ತದೆಂದು ನಮಗೆಲ್ಲ ಗೊತ್ತು.

ಪವಿತ್ರ ಕುರ್‌ಆನ್ ಈ ಎರಡೂ ಮುಖಗಳನ್ನು ಬಲ್ಲದು. ಪ್ರವಾದಿ ಮೂಸಾ(ಅ) ಮದ್ಯನ್‌ಗೆ ಬಂದಾಗ ಇಬ್ಬರು ಸಹೋದರಿಯರ ಜಾನುವಾರುಗಳಿಗೆ ನೀರು ಸೇದಿಕೊಟ್ಟರು. ಅವರಲ್ಲೊಬ್ಬಳು ತಂದೆಗೆ ಇವರನ್ನು ಕೆಲಸಕ್ಕಿಟ್ಟುಕೊಳ್ಳಲು ಸಲಹೆ ಕೊಡುತ್ತಾಳೆ. ಕಾರಣವಾಗಿ ಎರಡು ಗುಣಗಳನ್ನು ಹೇಳುತ್ತಾಳೆ: ಸಾಮರ್ಥ್ಯ ಮತ್ತು ಪ್ರಾಮಾಣಿಕತೆ. ಮುಂದೆ ಎಂಟು ವರ್ಷದ ಕರಾರು ಏರ್ಪಡುತ್ತದೆ, ಹತ್ತು ತುಂಬಿಸುವುದು ಕೆಲಸಗಾರನ ಇಚ್ಛೆ. ಆ ಕರಾರಿಗೆ ಸಾಕ್ಷಿಯಾಗಿ ಅಲ್ಲಾಹನನ್ನು ಇರಿಸಲಾಗುತ್ತದೆ. ನೀರು, ದುಡಿಮೆ, ಕುಟುಂಬ, ಕರಾರು, ನಂಬಿಕೆ ಎಲ್ಲವೂ ಒಂದೇ ಕಥೆಯಲ್ಲಿ ಕೂಡಿ ಬಂದಿವೆ. ಅದೇ ಗ್ರಂಥ ಇನ್ನೊಂದೆಡೆ, ಹೆತ್ತವರ ಮತ್ತು ಬಂಧುಗಳ ವಿರುದ್ಧವಾದರೂ ಸರಿ, ನ್ಯಾಯದ ಪರ ಸಾಕ್ಷಿಗಳಾಗಿ ನಿಲ್ಲಿರೆಂದು ಆಜ್ಞಾಪಿಸುತ್ತದೆ. ಅಂದರೆ ಕುಟುಂಬಕ್ಕಾಗಿ ದುಡಿಯುವುದು ಪುಣ್ಯ, ಕುಟುಂಬಕ್ಕಾಗಿ ಸುಳ್ಳು ಲೆಕ್ಕ ಬರೆಯುವುದು ಪಾಪ.

ಮಣ್ಣಿನ ಕೆಲಸ ಬಲ್ಲವರಿಗೆ ಇದು ಕೇವಲ ಉಪದೇಶವಲ್ಲ. ಯಂತ್ರಗಳು ಬರುವ ಮುನ್ನ ಮಣ್ಣು ಅಗೆದ ಗುಂಡಿಯ ನಡುವೆ ಒಂದು ದಿಣ್ಣೆಯನ್ನು ಹಾಗೇ ಬಿಡುತ್ತಿದ್ದರು. ಎಷ್ಟು ಆಳ ಅಗೆಯಲಾಗಿದೆ ಎಂಬುದಕ್ಕೆ ಆ ದಿಣ್ಣೆಯೇ ಸಾಕ್ಷಿ. ಅದರ ನೆತ್ತಿಗೆ ನಾಲ್ಕು ಬುಟ್ಟಿ ಮಣ್ಣು ಸುರಿದರೆ ಅಳತೆ ಪುಸ್ತಕದಲ್ಲಿ ಆಳ ಹೆಚ್ಚುತ್ತದೆ, ಬಿಲ್ಲಿನಲ್ಲಿ ಹಣ ಹೆಚ್ಚುತ್ತದೆ. ಅಳೆದು ಕೊಳ್ಳುವಾಗ ಪೂರ್ತಿ ಪಡೆದು, ಕೊಡುವಾಗ ಕಡಿಮೆ ಮಾಡುವವರಿಗೆ ಕುರ್‌ಆನ್‌ನ ಒಂದು ಅಧ್ಯಾಯವೇ ಎಚ್ಚರಿಕೆಯಾಗಿ ಅವತೀರ್ಣವಾಗಿದೆ. ಪ್ರವಾದಿ ಮುಹಮ್ಮದ್(ಸ) ಸಂತೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿ ಒಳಗಿನ ತೇವವನ್ನು ಹೊರಗೆ ತಂದು ತೋರಿಸಿದ ಘಟನೆಯನ್ನು ನಾವು ಬಾಲ್ಯದಿಂದಲೂ ಕೇಳಿದ್ದೇವೆ. ಸಿಮೆಂಟಿನ ಪದರದ ಒಳಗೂ ಅಂತಹದೇ ಒಂದು ಕೈ ಇಳಿಯುತ್ತದೆಂದು ನಂಬಿದವನು ಒಳಗೆ ಬೇರೆ, ಹೊರಗೆ ಬೇರೆ ಕಟ್ಟಲಾರ. ಶರಣರು ಕಾಯಕ ಎಂದದ್ದೂ ಈ ಎಚ್ಚರವನ್ನೇ ಅಲ್ಲವೇ?

1979ರಲ್ಲಿ ಗೊರೂರಿನ ಹೇಮಾವತಿ ಅಣೆಕಟ್ಟು ಪೂರ್ಣಗೊಂಡು, ಮುಂದೆ ಅದರ ನಾಲೆಗಳು ಕೆ.ಆರ್. ಪೇಟೆ, ನಾಗಮಂಗಲಗಳತ್ತ ಚಾಚಿಕೊಂಡವು. ನಾಲೆ, ಸೇತುವೆ, ರಸ್ತೆಗಳ ಕೆಲಸ ಹೆಚ್ಚಿದಂತೆ ನಿಯಮಗಳೂ ಬಿಗಿಯಾದವು. 1999ರಲ್ಲಿ ರಾಜ್ಯ ಸಾರ್ವಜನಿಕ ಸಂಗ್ರಹಣೆಯಲ್ಲಿ ಪಾರದರ್ಶಕತೆಯ ಕಾಯ್ದೆ ಮಾಡಿತು. ಆಮೇಲೆ ಟೆಂಡರು ಕಂಪ್ಯೂಟರಿಗೆ ಬಂತು. ಇಷ್ಟಾದರೂ 2021ರಲ್ಲಿ ರಾಜ್ಯದ ಗುತ್ತಿಗೆದಾರರ ಸಂಘವೇ ಪ್ರಧಾನಿಗೆ ಪತ್ರ ಬರೆದು, ಕಾಮಗಾರಿಗಳಲ್ಲಿ ಶೇ. 40ರವರೆಗೆ ಕಮಿಷನ್ ಕೇಳಲಾಗುತ್ತಿದೆ ಎಂದು ಆರೋಪಿಸಿತು. ನೂರರಲ್ಲಿ ನಲವತ್ತು ಹೋದರೆ ಉಳಿದ ಅರವತ್ತರಲ್ಲಿ ಜಲ್ಲಿಯೆಷ್ಟು, ಕಬ್ಬಿಣವೆಷ್ಟು, ಕೂಲಿಯೆಷ್ಟು?

ಪ್ರಾಮಾಣಿಕನಾಗಿರಲು ಹೊರಟ ಗುತ್ತಿಗೆದಾರನ ಸಂಕಟವನ್ನೂ ನಾವು ಅರಿಯಬೇಕು. ಟೆಂಡರಿಗೆ ಠೇವಣಿ ಇಡಲು ಮನೆಯ ಹೆಂಗಸರ ಒಡವೆ ಅಡವಿಗೆ ಹೋಗುವುದುಂಟು. ಬಿಲ್ಲು ತಿಂಗಳುಗಟ್ಟಲೆ ತಡವಾದರೆ ಬಡ್ಡಿ ಬೆಳೆಯುತ್ತದೆ. ಕೂಲಿಗಾರನಿಗೆ ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂಬ ಪ್ರವಾದಿ(ಸ)ಯವರ ಬೋಧನೆ ಗುತ್ತಿಗೆದಾರನಿಗೆ ಹೇಗೋ, ಅವನ ಬಿಲ್ಲನ್ನು ತಡೆದಿಟ್ಟುಕೊಂಡ ಸರಕಾರಕ್ಕೂ ಹಾಗೆಯೇ ಅನ್ವಯಿಸುತ್ತದೆ. ಕರಾರು ಎಂದರೆ ಎರಡು ಕಡೆಯ ಮಾತು. ಕೊಡುಕೊಳ್ಳುವಿಕೆಯನ್ನು ಬರೆದಿಡಿ, ಬರೆಯುವವನು ನ್ಯಾಯದಿಂದ ಬರೆಯಲಿ, ಸಾಕ್ಷಿಗಳಿರಲಿ ಎಂದು ಕುರ್‌ಆನ್ ವಿಧಿಸಿರುವುದು ದುರ್ಬಲನ ರಕ್ಷಣೆಗಾಗಿಯೇ.

ಈ ಕ್ಷೇತ್ರಕ್ಕೆ ಹೊಸಬರು ಬರಬೇಕು ಎಂಬ ಚರ್ಚೆ ಈಗ ನಡೆದಿದೆ. ಪರಿಶಿಷ್ಟರಿಗೆ ಕಾಮಗಾರಿಗಳಲ್ಲಿ ಮೀಸಲಾತಿ ಬಂದಿದೆ. ಪ್ರವರ್ಗ 2ಬಿಗೆ ಶೇ. 4ರ ಪಾಲು ನೀಡುವ ಮಸೂದೆಯನ್ನು 2025ರ ಮಾರ್ಚ್‌ನಲ್ಲಿ ವಿಧಾನಮಂಡಲ ಅಂಗೀಕರಿಸಿತು, ರಾಜ್ಯಪಾಲರು ಅದನ್ನು ರಾಷ್ಟ್ರಪತಿಗಳ ಪರಿಶೀಲನೆಗೆ ಕಳುಹಿಸಿದರು. ಅವಕಾಶ ನ್ಯಾಯವಾಗಿ ಹಂಚಿಕೆಯಾಗಬೇಕೆಂಬುದು ಸರಿಯಾದ ಬೇಡಿಕೆಯೇ. ಆದರೆ ಬಾಗಿಲು ತೆರೆದ ಮೇಲೆ ಒಳಗೆ ಹೋಗುವವನು ಏನನ್ನು ಹೊತ್ತು ಹೋಗುತ್ತಾನೆ ಎಂಬುದನ್ನು ಯಾವ ಮಸೂದೆಯೂ ತೀರ್ಮಾನಿಸಲಾರದು. ಅದು ಮನೆಯಲ್ಲಿ, ತಾಯಿ ತಂದೆಯರ ಮಾತಿನಲ್ಲಿ, ಊಟದ ತಟ್ಟೆಗೆ ಬರುವ ಅನ್ನ ಎಲ್ಲಿಂದ ಬಂತೆಂದು ಕೇಳುವ ಹೆಂಡತಿಯ ಪ್ರಶ್ನೆಯಲ್ಲಿ ತೀರ್ಮಾನವಾಗುತ್ತದೆ.

ಗುತ್ತಿಗೆದಾರನಿಗೆ ಇಂದು ಏರಿಯ ಕೆಳಗೆ ಕೊಡಗಿ ಗದ್ದೆಯಿಲ್ಲ. ದೋಷ ಸರಿಪಡಿಸುವ ಹೊಣೆಯ ಅವಧಿ ಕಾಗದದಲ್ಲಿ ಕೆಲವೇ ವರ್ಷ. ಆ ಅವಧಿ ಮುಗಿದ ಮೇಲೂ ನಾಲೆಯ ಕೊನೆಯಂಚಿನಲ್ಲಿ ಒಬ್ಬ ರೈತ ಗುದ್ದಲಿ ಹಿಡಿದು ರಾತ್ರಿಯೆಲ್ಲ ನೀರಿಗಾಗಿ ಕಾಯುತ್ತಾನೆ. ನಾಲೆಯ ಒಳಮೈ ನೆಟ್ಟಗಿದ್ದರೆ ನೀರು ಅವನ ಮಡಿಗೆ ತಲುಪುತ್ತದೆ, ಇಲ್ಲದಿದ್ದರೆ ದಾರಿಯಲ್ಲೇ ಇಂಗುತ್ತದೆ. ಕೆಲಸದ ನಿಜವಾದ ಅಳತೆಯನ್ನು ಬರೆಯುವವನು ಅವನೇ.